ಹೆರಿಗೆಯ ಹೊತ್ತಲ್ಲಿ ಡೂಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡೂಲಾ ಕೆಲಸ ಮಾಡುತ್ತೇನೆ. ಹೊಸದಾಗಿ ಫೋನ್ ಮಾಡುವವರು ಮೊದಲ ಹತ್ತು ನಿಮಿಷ ಕೇಳುವುದು ಹೆಚ್ಚುಕಮ್ಮಿ ಒಂದೇ ಥರದ ಪ್ರಶ್ನೆಗಳು. ಅವೆಲ್ಲ ಮುಗಿದು, ಇನ್ನೇನು ಫೋನ್ ಇಡಬೇಕು ಅನ್ನುವಾಗ ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ: "ಅಷ್ಟೂ ಹೊತ್ತು ನೀವು ನಿಜವಾಗಲೂ ಪಕ್ಕದಲ್ಲೇ ಇರ್ತೀರಾ?" ಅವರು ಫೋನ್ ಮಾಡಿದ್ದೇ ಅದನ್ನು ಕೇಳಲಿಕ್ಕೆ. ಅದನ್ನು ಕೊನೆಗಿಟ್ಟು, ಉಳಿದವನ್ನು ಮೊದಲು ಬರೆದಿದ್ದೇನೆ.

ಡೂಲಾ ಅಂದರೆ ಯಾರು?

ಹೆರಿಗೆ ನೋವು ಜೋರಾದಾಗಿನಿಂದ ಮಗು ಹುಟ್ಟಿ ಒಂದೆರಡು ಗಂಟೆ ಕಳೆಯುವವರೆಗೆ ತಾಯಿಯ ಪಕ್ಕದಲ್ಲೇ ಇದ್ದು, ಮೈಗೂ ಮನಸ್ಸಿಗೂ ಆಸರೆಯಾಗುವವರು. ಇದಕ್ಕಾಗಿಯೇ ತರಬೇತಿ ಪಡೆದಿರುತ್ತಾರೆ. ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಮನೆಯವರೂ ಅಲ್ಲ. ಬೆನ್ನು ಒತ್ತುವುದು, ಮಗ್ಗುಲು ಬದಲಿಸಲು ಕೈ ಕೊಡುವುದು, ಗುಟುಕು ನೀರು ಕುಡಿಸುವುದು, ಏನಾಗುತ್ತಿದೆ ಅಂತ ಬಿಡಿಸಿ ಹೇಳುವುದು, ಕೆಲವು ಸಲ ಬಾಯಿ ಮುಚ್ಚಿಕೊಂಡು ಕೈ ಹಿಡಿದು ಕೂರುವುದು. ಈ ಕೊನೆಯದು ಕಲಿಯಲು ನನಗೆ ತುಂಬಾ ದಿನ ಹಿಡಿಯಿತು.

ಪದ ಗ್ರೀಕ್ ಭಾಷೆಯದು. ಹಳೆಯ ಅರ್ಥ ದಾಸಿ, ಸೇವಕಿ. ಅದು ಗೊತ್ತಾದಾಗ ನನಗೇನೂ ಖುಷಿಯಾಗಲಿಲ್ಲ. 1973ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್, ಹೆತ್ತ ತಾಯಿಗೆ ಹಾಲೂಡಿಸಲು ಒತ್ತಾಸೆಯಾಗಿ ನಿಲ್ಲುವ ಹೆಂಗಸಿಗೆ ಈ ಪದ ಬಳಸಿದರು. ಆಮೇಲೆ ಅದು ಲೇಬರ್ ರೂಮಿನೊಳಕ್ಕೂ ಬಂತು. 1992ರಲ್ಲಿ ಅಮೆರಿಕದಲ್ಲಿ ಡೂಲಾಗಳದೇ ಒಂದು ಸಂಸ್ಥೆ ಶುರುವಾಯಿತು. ಈಗ ಅದರ ಹೆಸರು ಡೋನಾ ಇಂಟರ್‌ನ್ಯಾಷನಲ್. ಕನ್ನಡದಲ್ಲಿ ಕೆಲವರು 'ಡೌಲಾ' ಅಂತಲೂ ಬರೆಯುತ್ತಾರೆ. ಎರಡೂ ಒಂದೇ.

ಅಂದರೆ ಸೂಲಗಿತ್ತಿಯೇ ಅಲ್ವಾ?

ಅಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸುತ್ತಾಳೆ. ಈಗಿನ ಮಿಡ್‌ವೈಫ್ ಕೂಡ ಅಷ್ಟೇ: ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ನೋಡುತ್ತಾರೆ, ಮಗುವಿನ ಎದೆಬಡಿತ ಕೇಳುತ್ತಾರೆ, ಮಗುವನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಡೂಲಾ ಇದ್ಯಾವುದನ್ನೂ ಮುಟ್ಟುವುದಿಲ್ಲ. ಮಿಡ್‌ವೈಫ್ ಕೈ ಮಗುವಿನ ಕಡೆ, ಡೂಲಾ ಕೈ ತಾಯಿಯ ಸೊಂಟದ ಮೇಲೆ. ಡೂಲಾ ಪರೀಕ್ಷೆ ಮಾಡಲು ಗ್ಲೌಸ್ ಹಾಕಿಕೊಳ್ಳುತ್ತಿದ್ದಾಳೆ ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ತಿಳಿಯಿರಿ.

ಆಸ್ಪತ್ರೆಯಲ್ಲಿ ಡಾಕ್ಟರ್, ನರ್ಸ್ ಎಲ್ಲರೂ ಇರುತ್ತಾರಲ್ಲ, ಇನ್ನೊಬ್ಬರು ಯಾಕೆ?

ಗಡಿಯಾರ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಹೆರಿಗೆ ಚುರುಕಾಗುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಂದ ಪೂರ್ತಿ ತೆರೆಯುವವರೆಗೆ ಚೊಚ್ಚಲ ಹೆರಿಗೆಯಲ್ಲಿ 12 ಗಂಟೆವರೆಗೂ ಹಿಡಿಯಬಹುದು. 5ಕ್ಕಿಂತ ಮುಂಚಿನ ನೋವಿಗೆ ಲೆಕ್ಕವೇ ಇಲ್ಲ, ಕೆಲವರಿಗೆ ಅರ್ಧ ದಿನ, ಕೆಲವರಿಗೆ ಒಂದೂವರೆ ದಿನ.

ಇಷ್ಟು ಹೊತ್ತಲ್ಲಿ ಡಾಕ್ಟರ್ ನಿಮ್ಮ ಪಕ್ಕ ನಿಲ್ಲುವುದು ಎಷ್ಟು ನಿಮಿಷ? ಬರುತ್ತಾರೆ, ನೋಡುತ್ತಾರೆ, ಬರೆಯುತ್ತಾರೆ, ಹೋಗುತ್ತಾರೆ. ನರ್ಸಿಗೆ ನೀವೊಬ್ಬರೇ ಅಲ್ಲ. ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬರು ಮುಕ್ಕುತ್ತಿರುತ್ತಾರೆ, ಆಚೆ ಕಡೆ ಒಬ್ಬರಿಗೆ ಬಿಪಿ ಏರಿರುತ್ತದೆ, ಫೈಲ್ ತುಂಬಬೇಕು, ಬೆಳಿಗ್ಗೆ ಶಿಫ್ಟ್ ಬದಲಾಗುತ್ತದೆ. ಅವರದು ತಪ್ಪಲ್ಲ, ಅವರ ಕೆಲಸ ಇರುವುದೇ ಹಾಗೆ. ಆದರೆ ನೋವು ಯಾರ ಶಿಫ್ಟನ್ನೂ ಕಾಯುವುದಿಲ್ಲ. ರಾತ್ರಿ ಎರಡೂವರೆಗೆ ಬರುವ ನೋವಿಗೂ ಒಂದು ಕೈ ಬೇಕು. ಅದಾದ ಮೂರು ನಿಮಿಷಕ್ಕೆ ಬರುವ ನೋವಿಗೂ ಅದೇ ಕೈ ಬೇಕು. ಡೂಲಾಗೆ ಆ ಹೊತ್ತಿನಲ್ಲಿ ಬೇರೆ ಹಾಸಿಗೆ ಇಲ್ಲ. ಈ ಕೆಲಸದ ಬೆಲೆಯೆಲ್ಲ ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ. ಮಸಾಜ್, ಉಸಿರಾಟ, ಕೂರಲು ಕೊಡುವ ದೊಡ್ಡ ಚೆಂಡು ಇವೆಲ್ಲ ಆಮೇಲೆ.

ಉಪಯೋಗ ಇದೆ ಅನ್ನಲು ಪುರಾವೆ ಇದೆಯಾ, ಅಥವಾ ಸುಮ್ನೆ ಹೇಳುತ್ತಾರಾ?

ಪುರಾವೆ ಇದೆ. ಆದರೆ ಜಾಹೀರಾತಿನಲ್ಲಿ ಹೇಳುವಷ್ಟು ಅಲ್ಲ.

1980ರಲ್ಲಿ ಗ್ವಾಟೆಮಾಲಾದ ಒಂದು ಆಸ್ಪತ್ರೆಯ ಅಧ್ಯಯನ ಪ್ರಕಟವಾಯಿತು. ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಅನ್ನುವ ಇಬ್ಬರು ಮಕ್ಕಳ ಡಾಕ್ಟರುಗಳು ಆ ತಂಡದಲ್ಲಿದ್ದರು. ಚೊಚ್ಚಲ ಹೆರಿಗೆಗೆ ಬಂದ, ಜೊತೆಯಲ್ಲಿ ಯಾರೂ ಇಲ್ಲದ ಹೆಂಗಸರಲ್ಲಿ ಕೆಲವರ ಪಕ್ಕ ಒಬ್ಬ ಹೆಂಗಸನ್ನು ಕೂರಿಸಿದರು. ಮೊದಲು ಮುಖ ನೋಡಿದವಳೂ ಅಲ್ಲ. ಬೆನ್ನು ತಿಕ್ಕಿದಳು, ಕೈ ಹಿಡಿದಳು, ಮಾತಾಡಿಸಿದಳು, ಅಷ್ಟೆ. ತೊಂದರೆಯಿಲ್ಲದೆ ಹೆತ್ತವರನ್ನು ಹೋಲಿಸಿ ನೋಡಿದರೆ, ಜೊತೆಗಾತಿ ಇದ್ದವರಿಗೆ ಸರಾಸರಿ 8.8 ಗಂಟೆಯಲ್ಲಿ ಹೆರಿಗೆಯಾಗಿತ್ತು. ಒಂಟಿಯಾಗಿದ್ದವರಿಗೆ 19.3 ಗಂಟೆ ಹಿಡಿದಿತ್ತು.

1991ರಲ್ಲಿ ಅಮೆರಿಕದ ಹ್ಯೂಸ್ಟನ್‌ನಿಂದ ಇನ್ನೊಂದು ಬಂತು. ಇದು ನನಗೆ ಎಲ್ಲಕ್ಕಿಂತ ಇಷ್ಟ. ಚೊಚ್ಚಲ ಹೆರಿಗೆಯ 600ಕ್ಕೂ ಜಾಸ್ತಿ ತಾಯಂದಿರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಡೂಲಾ. ಇನ್ನೊಂದಕ್ಕೆ ಏನೂ ಇಲ್ಲ. ಮಧ್ಯದ ಗುಂಪಿನ ಕೋಣೆಯಲ್ಲಿ ಒಬ್ಬರು ಗಮನಿಸುತ್ತಾ ಇದ್ದರು, ತಾಯಿಯ ಜೊತೆ ಮಾತೂ ಆಡದೆ. ಸಿಸೇರಿಯನ್ ಆಗಿದ್ದು ಯಾರೂ ಇಲ್ಲದವರಲ್ಲಿ 100ಕ್ಕೆ 18, ಡೂಲಾ ಇದ್ದವರಲ್ಲಿ 8. ಮಾತಾಡದವರು ಇದ್ದ ಗುಂಪಿನಲ್ಲಿ 13. ನೋಡಿ, ಬಾಯಿ ಬಿಡದೆ ಕೋಣೆಯಲ್ಲಿ ಇದ್ದದ್ದಕ್ಕೇ 18 ಹೋಗಿ 13 ಆಯಿತು.

ಇವು ಹಳೆಯವು, ಆಗಿನ ಆಸ್ಪತ್ರೆಗಳೂ ಬೇರೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2017ರಲ್ಲಿ 17 ದೇಶಗಳ 15,858 ತಾಯಂದಿರ ಮಾಹಿತಿ ಒಟ್ಟು ಮಾಡಿ ನೋಡಿತು. ಹೆರಿಗೆಯುದ್ದಕ್ಕೂ ಯಾರಾದರೊಬ್ಬರು ಜೊತೆಗಿದ್ದವರಲ್ಲಿ ಸಿಸೇರಿಯನ್ 25% ಕಮ್ಮಿ. 25% ಅಂದರೆ 100ರಲ್ಲಿ 25 ಜನ ಪಾರಾದರು ಅಂತ ಅಲ್ಲ. 20 ಆಗುವ ಕಡೆ 15 ಆಯಿತು ಅಂತ. ನೋವಿನ ಹೊತ್ತು ಸರಾಸರಿ 40 ನಿಮಿಷ ಕಡಿಮೆ. ಗ್ವಾಟೆಮಾಲಾದ 10 ಗಂಟೆ ಎಲ್ಲಿ, ಈ 40 ನಿಮಿಷ ಎಲ್ಲಿ! ಅದಕ್ಕೇ, ಹಳೆಯ ಒಂದು ಅಂಕಿ ಹಿಡಿದುಕೊಂಡು "ಹೆರಿಗೆ ಅರ್ಧ ಹೊತ್ತಲ್ಲಿ ಮುಗಿಯುತ್ತೆ" ಅನ್ನುವವರನ್ನು ನಂಬಬೇಡಿ. ನನ್ನ ಕಣ್ಣಿಗೆ ಅದರಲ್ಲಿ ದೊಡ್ಡದಾಗಿ ಕಂಡಿದ್ದು ಬೇರೆ: ಹೆರಿಗೆ ನೆನೆಸಿಕೊಂಡರೆ ಮನಸ್ಸು ಕಹಿಯಾಗುತ್ತದೆ ಅನ್ನುವವರು ಜೊತೆ ಇದ್ದವರಲ್ಲಿ ಮೂರನೇ ಒಂದರಷ್ಟು ಕಮ್ಮಿ ಇದ್ದರು. ತಾಯಿಗಾಗಲಿ ಮಗುವಿಗಾಗಲಿ ಇದರಿಂದ ಕೇಡಾಗಿದ್ದು ಕಂಡುಬರಲಿಲ್ಲ.

ತದ್ವಿರುದ್ಧವಾದದ್ದೂ ಒಂದಿದೆ. 2002ರಲ್ಲಿ ಅಮೆರಿಕ ಮತ್ತು ಕೆನಡಾದ 13 ಆಸ್ಪತ್ರೆಗಳಲ್ಲಿ 6,915 ತಾಯಂದಿರ ಮೇಲೆ ನಡೆದ ಅಧ್ಯಯನ. ಅಲ್ಲಿ ಪಕ್ಕದಲ್ಲಿದ್ದು ನೋಡಿಕೊಂಡವರು ತರಬೇತಿ ಪಡೆದ ನರ್ಸುಗಳು. ಸಿಸೇರಿಯನ್ 12.5% ಮತ್ತು 12.6%, ವ್ಯತ್ಯಾಸವೇ ಇಲ್ಲ. ಆಸ್ಪತ್ರೆಯ ರೂಢಿ ಗಟ್ಟಿಯಾಗಿದ್ದ ಕಡೆ, ಅದೇ ಆಸ್ಪತ್ರೆಯವರು ಪಕ್ಕ ಕೂತರೂ ಜಾಸ್ತಿ ಏನೂ ಬದಲಾಗುವುದಿಲ್ಲ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಡೂಲಾ ಇದ್ದರೆ ನೋವು ಕಮ್ಮಿಯಾಗುತ್ತಾ?

ನೋವು ಇರುತ್ತದೆ. ಅದನ್ನು ತಡೆದುಕೊಳ್ಳುವ ರೀತಿ ಬದಲಾಗುತ್ತದೆ.

ಗರ್ಭಕೋಶ ಹಿಂಡುವುದು ಆಕ್ಸಿಟೋಸಿನ್ ಅನ್ನುವ ಹಾರ್ಮೋನಿನಿಂದ. ಹೆದರಿಕೆಯಾದರೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಇದು ಅದಕ್ಕೆ ಅಡ್ಡಗಾಲು. ಮನೆಯಲ್ಲಿ ಚೆನ್ನಾಗಿ ಬರುತ್ತಿದ್ದ ನೋವು ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ನಿಧಾನವಾಗುವುದನ್ನು ಎಷ್ಟೋ ಜನ ಕಂಡಿದ್ದಾರೆ. ಹೆದರಿದರೆ ಮೈ ಬಿಗಿಯುತ್ತದೆ, ಬಿಗಿದರೆ ನೋವು ಜಾಸ್ತಿ, ನೋವು ಜಾಸ್ತಿಯಾದರೆ ಇನ್ನೂ ಹೆದರಿಕೆ. ಡೂಲಾ ಇದನ್ನು ಎಲ್ಲಾದರೂ ಒಂದು ಕಡೆ ತುಂಡು ಮಾಡಲು ನೋಡುತ್ತಾಳೆ. ದೀಪ ಮಂಕು ಮಾಡಿ, ಕಿವಿಯ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡಿ, ಮೇಲಕ್ಕೇರಿದ ಭುಜವನ್ನು ಕೈಯಿಂದ ಕೆಳಕ್ಕಿಳಿಸಿ.

ಒಂದನ್ನು ಹತ್ತಿರದಿಂದ ಹೇಳುತ್ತೇನೆ. ಮಗುವಿನ ಹಿಂದಲೆ ತಾಯಿಯ ಬೆನ್ನುಮೂಳೆಯ ಕಡೆ ತಿರುಗಿದ್ದರೆ ನೋವೆಲ್ಲ ಸೊಂಟದ ಹಿಂದೆಯೇ ಕೂರುತ್ತದೆ. ಒಂದು ನೋವು ಹೋಗಿ ಇನ್ನೊಂದು ಬರುವ ನಡುವೆಯೂ ಪೂರ್ತಿ ಬಿಡುವುದಿಲ್ಲ. ಆಗ ತಾಯಿಯನ್ನು ಮುಂದಕ್ಕೆ ಬಾಗಿಸಿ, ಹಾಸಿಗೆಯ ಅಂಚಿಗೆ ಮೊಣಕೈ ಊರಲು ಹೇಳುತ್ತೇವೆ. ನೋವು ಏರುತ್ತಿದ್ದಂತೆ ಅಂಗೈಯ ಬುಡವನ್ನು ಸೊಂಟದ ತಳದ ಮೂಳೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಬೇಕು. ಸವರುವುದಲ್ಲ, ಒತ್ತುವುದು. ನಿಂತುಹೋದ ಕಾರನ್ನು ನೂಕುವಾಗ ಮೈಭಾರ ಹಾಕುತ್ತೀರಲ್ಲ, ಹಾಗೆ. ಎರಡಂಗುಲ ಆಚೆ ಒತ್ತಿದರೆ ಪ್ರಯೋಜನವಿಲ್ಲ, ತಾಯಿಯೇ "ಕೆಳಗೆ, ಇನ್ನೂ ಕೆಳಗೆ, ಹಾಂ ಅಲ್ಲೇ" ಅಂತ ಜಾಗ ತೋರಿಸುತ್ತಾಳೆ. ಆ 'ಅಲ್ಲೇ' ಸಿಕ್ಕಿದ ಮೇಲೆ ಕೈ ಜರುಗಿಸುವ ಹಾಗಿಲ್ಲ. ಒಂದೊಂದು ನೋವಿಗೆ ಒಂದೊಂದು ನಿಮಿಷ, ಹೀಗೆ ನಾಲ್ಕು ಗಂಟೆ ಒತ್ತಿದ ದಿನ ಮಾರನೆಯ ಬೆಳಿಗ್ಗೆ ನನಗೆ ಬಾಟಲಿ ಮುಚ್ಚಳ ತಿರುಗಿಸಲೂ ಆಗಿಲ್ಲ.

ಮೈ ಅಲುಗಾಡಿಸುವುದೂ ಮುಖ್ಯ. ಮಲಗಿಯೇ ಇರುವ ಬದಲು ನಡೆದಾಡಿ, ಕೂತು, ನಿಂತು ಕಳೆದವರಿಗೆ ಹೆರಿಗೆಯ ಮೊದಲ ಹಂತ, ಅಂದರೆ ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನ ಹೊತ್ತು, ಸುಮಾರು 1 ಗಂಟೆ 20 ನಿಮಿಷ ಕಮ್ಮಿಯಾಗಿತ್ತು ಅಂತ ಕಾಕ್ರೇನ್‌ನದೇ 2013ರ ಇನ್ನೊಂದು ವರದಿ ಹೇಳುತ್ತದೆ. ಆದರೆ ನೋವಿನ ನಡುವೆ "ಏಳಿ, ಎರಡು ಹೆಜ್ಜೆ ನಡೆಯೋಣ" ಅನ್ನಲು ಯಾರಾದರೂ ಬೇಕಲ್ಲ.

ಇನ್ನೊಂದು ಘಟ್ಟವಿದೆ. 8 ಸೆಂಟಿಮೀಟರ್ ದಾಟಿದ ಮೇಲೆ ಕಾಲು ನಡುಗುತ್ತದೆ, ವಾಂತಿಯಾಗುತ್ತದೆ, ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಕೂಡ "ನನ್ನ ಕೈಲಾಗಲ್ಲ, ಮನೆಗೆ ಹೋಗ್ತೀನಿ" ಅನ್ನುತ್ತಾಳೆ. ಮನೆಯವರು ಇದನ್ನು ಕೇಳಿ ಗಾಬರಿಯಾಗುತ್ತಾರೆ. ಹತ್ತಾರು ಹೆರಿಗೆ ನೋಡಿದವರಿಗೆ ಇದು ಹತ್ತಿರ ಬಂದಿದೆ ಅನ್ನುವ ಸುದ್ದಿ. "ಈ ಒಂದು ನೋವು ಮಾತ್ರ ಕಣಮ್ಮ, ಆಮೇಲಿಂದು ಆಮೇಲೆ" ಅಂತ ಒಂದೊಂದನ್ನೇ ದಾಟಿಸಬೇಕು.

ನಮ್ಮವರು ಒಳಗಿರುತ್ತಾರೆ. ಸಾಲದಾ?

ಕೆಲವರಿಗೆ ಸಾಕು. ಆದರೆ ಅವರಿಗೂ ಇದು ಮೊದಲ ಸಲ, ಅಲ್ವಾ? ಹೆಂಡತಿ ನರಳುವುದನ್ನು ನೋಡುತ್ತಾ ಎದೆ ಗಟ್ಟಿ ಮಾಡಿಕೊಂಡು, ಡಾಕ್ಟರ್ ಹೇಳಿದ್ದು ಅರ್ಥ ಮಾಡಿಕೊಂಡು, ಹೊರಗಿರುವ ಮನೆಯವರ ಫೋನಿಗೂ ಉತ್ತರ ಕೊಟ್ಟು, ನಿದ್ದೆಯನ್ನೂ ತಡೆದುಕೊಳ್ಳಬೇಕು ಅಂದರೆ ಹೇಗೆ? ಡೂಲಾ ಇದ್ದರೆ ಅವರು ಅರ್ಧ ಗಂಟೆ ಕಣ್ಣು ಮುಚ್ಚಬಹುದು. ಎಲ್ಲಿ ಕೈಯಿಡಬೇಕು ಅಂತ ತೋರಿಸಿಕೊಟ್ಟರೆ ಅವರೇ ಒತ್ತುತ್ತಾರೆ. ಒಳ್ಳೆಯ ಡೂಲಾ ಗಂಡನನ್ನು ಮೂಲೆಗೆ ತಳ್ಳುವುದಿಲ್ಲ, ತಲೆಯ ಹತ್ತಿರದ ಜಾಗ ಅವರಿಗೇ ಬಿಡುತ್ತಾಳೆ.

2008ರಲ್ಲಿ ಪ್ರಕಟವಾದ ಕೆನೆಲ್ ಅವರ ಇನ್ನೊಂದು ಅಧ್ಯಯನದಲ್ಲಿ 420 ಚೊಚ್ಚಲ ಬಸುರಿಯರು ಇದ್ದರು. ಎಲ್ಲರಿಗೂ ಗಂಡನೋ ಸಂಗಾತಿಯೋ ಜೊತೆಗಿದ್ದರು. ಅವರ ಜೊತೆಗೆ ಡೂಲಾ ಕೂಡ ಇದ್ದವರಲ್ಲಿ ಸಿಸೇರಿಯನ್ 13.4%, ಇಲ್ಲದವರಲ್ಲಿ 25%.

ಅಮ್ಮನೋ ಅಕ್ಕನೋ ಬಂದರೆ?

ಬರಲಿ, ಒಳ್ಳೆಯದೇ. ಡೂಲಾ ಸಿಗದಿದ್ದರೆ ನಾನು ಮೊದಲು ಹೇಳುವುದು ಇದನ್ನೇ. 2006ರ ಒಂದು ಅಧ್ಯಯನದಲ್ಲಿ 600 ತಾಯಂದಿರಿದ್ದರು. ಅವರಲ್ಲಿ ಅರ್ಧದಷ್ಟು ಜನ ತಾವೇ ಆರಿಸಿದ ಗೆಳತಿಯರಿಗೋ ನೆಂಟರಿಗೋ ಅಧ್ಯಯನದವರು 2 ಗಂಟೆಯ 2 ತರಗತಿ ಮಾಡಿ ಲೇಬರ್ ರೂಮಿಗೆ ಕಳಿಸಿದರು. ಅಷ್ಟಕ್ಕೇ ಹೆರಿಗೆಯ ಹೊತ್ತು ಕಮ್ಮಿಯಾಯಿತು.

ಯಾರು ಬರಬೇಕು ಅನ್ನುವುದನ್ನು ಮಾತ್ರ ನೀವೇ ಆರಿಸಿ. ನಿಮ್ಮ ನೋವು ನೋಡಿ ನಿಮಗಿಂತ ಮೊದಲು ಅಳುವವರು ಬೇಡ. ತಮ್ಮ ಹೆರಿಗೆಯ ಕಥೆಯನ್ನು ಅಲ್ಲಿ ಶುರು ಮಾಡುವವರಂತೂ ಬೇಡವೇ ಬೇಡ.

ಎಪಿಡ್ಯೂರಲ್ ತಗೊಂಡರೆ ಡೂಲಾ ದಂಡ ಅಲ್ವಾ?

ಇಲ್ಲ. ಎಪಿಡ್ಯೂರಲ್, ಅಂದರೆ ಹೆರಿಗೆ ನೋವು ತಿಳಿಯದಂತೆ ಬೆನ್ನಿನ ಮೂಲಕ ಕೊಡುವ ಔಷಧಿ, ಬೇಕೋ ಬೇಡವೋ ಅನ್ನುವುದು ನಿಮ್ಮ ತೀರ್ಮಾನ. "ತಗೋಬೇಡಿ, ತಡ್ಕೊಳ್ಳಿ" ಅನ್ನುವ ಡೂಲಾ ತನ್ನ ಹಟ ಸಾಧಿಸುತ್ತಿದ್ದಾಳೆ ಅಷ್ಟೆ.

ಎಪಿಡ್ಯೂರಲ್ ಹಾಕಿದ ಮೇಲೆ ಕಾಲು ಭಾರ, ತಾನಾಗಿ ಮಗ್ಗುಲು ಬದಲಿಸಲು ಆಗುವುದಿಲ್ಲ. ಒಂದೇ ಕಡೆ ಮಲಗಿದ್ದರೆ ಮಗು ಕೆಳಗಿಳಿಯಲು ತಡವಾಗಬಹುದು. ಡೂಲಾ ಅರ್ಧ ಗಂಟೆಗೊಮ್ಮೆ ನರ್ಸ್ ಜೊತೆ ಸೇರಿ ಹೊರಳಿಸುತ್ತಾಳೆ, ಮೊಣಕಾಲುಗಳ ನಡುವೆ ಕಡಲೆಕಾಯಿ ಆಕಾರದ ಚೆಂಡು ಇಡುತ್ತಾಳೆ. ಅದಕ್ಕೆ ಪೀನಟ್ ಬಾಲ್ ಅಂತಲೇ ಹೆಸರು. ಮುಕ್ಕುವ ಹೊತ್ತು ಬಂದಾಗ ನೋವೇ ಗೊತ್ತಾಗದಿದ್ದರೆ ಯಾವಾಗ ಮುಕ್ಕಬೇಕು ಅಂತ ಹೇಳಲೂ ಒಬ್ಬರು ಬೇಕು. ಎಲ್ಲಕ್ಕಿಂತ, ನೋವು ಹೋದ ಮೇಲೆ ಹೆದರಿಕೆ ಹೋಗುತ್ತದೆ ಅಂತೇನೂ ಇಲ್ಲ. ಕೋಣೆ ನಿಶ್ಶಬ್ದವಾದಾಗ ಅದು ಇನ್ನೂ ಜೋರಾಗಿ ಕೇಳಿಸುವುದುಂಟು.

ಸಿಸೇರಿಯನ್ ಆದರೆ?

ಆಪರೇಷನ್ ಥಿಯೇಟರಿಗೆ ಬಿಡುವುದು ಬಿಡದಿರುವುದು ಆಸ್ಪತ್ರೆಯ ನಿಯಮ. ಎಷ್ಟೋ ಕಡೆ ಒಬ್ಬರನ್ನು ಮಾತ್ರ ಬಿಡುತ್ತಾರೆ. ಆ ಒಬ್ಬರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ, ಸ್ಟ್ರೆಚರ್ ಪಕ್ಕ ನಿಂತು ಮಾತಾಡುವ ವಿಷಯ ಅಲ್ಲ ಅದು.

ಒಳಗೆ ಬಿಟ್ಟರೆ ಡೂಲಾ ತಲೆಯ ಹತ್ತಿರ ಕೂರುತ್ತಾಳೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಎಚ್ಚರ ಇರುತ್ತದೆ, ನೋವಿರುವುದಿಲ್ಲ, ಆದರೆ ಎಳೆದದ್ದು, ಒತ್ತಿದ್ದು ತಿಳಿಯುತ್ತದೆ. ಇದನ್ನು ಯಾರೂ ಮುಂಚೆ ಹೇಳಿರದಿದ್ದರೆ ಜೀವ ಬಾಯಿಗೆ ಬರುತ್ತದೆ. ಮೈ ಗಡಗಡ ನಡುಗುವುದೂ ಸಾಮಾನ್ಯ. ಒಳಗೆ ಬಿಡದಿದ್ದರೆ ಹೊರಗೆ ಬಂದ ಮೇಲೆ ಮಗುವನ್ನು ಎದೆಗೆ ಹಾಕಿಕೊಳ್ಳಲು, ಹೊಲಿಗೆಗೆ ತಾಗದಂತೆ ಹಿಡಿದು ಹಾಲೂಡಿಸಲು ನೆರವಾಗುತ್ತಾಳೆ. ಸಿಸೇರಿಯನ್ ಆಯಿತು ಅಂದರೆ ಡೂಲಾ ಸೋತಳು ಅಂತಲೂ ಅಲ್ಲ, ನೀವು ಸೋತಿರಿ ಅಂತಲೂ ಅಲ್ಲ. ಎಷ್ಟೋ ಸಲ ಅದೇ ಜೀವ ಉಳಿಸುತ್ತದೆ.

ಡೂಲಾ ಏನು ಮಾಡಬಾರದು?

ಒಳಪರೀಕ್ಷೆ ಮಾಡಬಾರದು. ಔಷಧಿ ಕೊಡಬಾರದು, ಡಾಕ್ಟರ್ ಕೊಟ್ಟಿದ್ದನ್ನು ನಿಲ್ಲಿಸಿ ಅನ್ನಬಾರದು. ಮಾನಿಟರ್ ನೋಡಿ "ಮಗು ಚೆನ್ನಾಗಿದೆ" ಅಂತ ತೀರ್ಪು ಕೊಡಬಾರದು. ನಿಮ್ಮ ಪರವಾಗಿ ಸಹಿ, ಒಪ್ಪಿಗೆ, ನಿರಾಕರಣೆ ಯಾವುದೂ ಇಲ್ಲ. "ನಾರ್ಮಲ್ ಡೆಲಿವರಿ ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಡಾಕ್ಟರ್ ಜೊತೆ ನಮ್ಮ ಪರವಾಗಿ ಮಾತಾಡುತ್ತೀರಾ?

ನಿಮ್ಮ ಬದಲಿಗೆ ಮಾತಾಡುವುದಿಲ್ಲ, ನೀವೇ ಮಾತಾಡುವ ಹಾಗೆ ಮಾಡುತ್ತೇನೆ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಆಸ್ಪತ್ರೆಯಲ್ಲಿ, ತಾಯಿಯನ್ನು ಕೇಳದೆಯೇ ನೋವು ಬರಿಸುವ ಡ್ರಿಪ್ ಜಾಸ್ತಿ ಮಾಡಲು ಬಂದರು. ನಾನು ಮಧ್ಯೆ ಬಾಯಿ ಹಾಕಿ "ಅವರಿಗೆ ಅದು ಬೇಡ" ಅಂದೆ. ಎರಡು ಮಾತು ಬೆಳೆಯಿತು. ನನ್ನನ್ನು ಹೊರಗೆ ಕಳಿಸಿದರು. ನಲವತ್ತು ನಿಮಿಷ ನಾನು ಕಾರಿಡಾರಿನ ಬೆಂಚಿನ ಮೇಲೆ, ಅವಳು ಒಳಗೆ ಒಬ್ಬಳೇ. ಕೇಳದೆ ಮಾಡಿದ್ದು ಅವರ ತಪ್ಪೇ, ಈಗಲೂ ಹಾಗೇ ಹೇಳುತ್ತೇನೆ. ಆದರೆ ನನ್ನ ಜಗಳಕ್ಕೆ ದಂಡ ತೆತ್ತಿದ್ದು ಅವಳು. ಪಕ್ಕದಲ್ಲಿರುವುದೇ ನನ್ನ ಕೆಲಸ, ಅದನ್ನೇ ಕಳೆದುಕೊಂಡಿದ್ದೆ.

ಈಗ ಬಸುರಿಯಾಗಿದ್ದಾಗಲೇ ಮೂರು ಪ್ರಶ್ನೆ ಬಾಯಿಪಾಠ ಮಾಡಿಸುತ್ತೇನೆ. ಇದು ಯಾಕೆ ಬೇಕು? ಬೇರೆ ದಾರಿ ಇದೆಯಾ? ಸ್ವಲ್ಪ ಹೊತ್ತು ಕಾದರೆ ಏನಾಗುತ್ತೆ? ಲೇಬರ್ ರೂಮಿನಲ್ಲಿ ತಾಯಿಯ ಕಡೆ ತಿರುಗಿ "ಡಾಕ್ಟರ್ ಡ್ರಿಪ್ ಬಗ್ಗೆ ಹೇಳ್ತಿದ್ದಾರೆ, ನಿಮಗೇನಾದರೂ ಕೇಳಬೇಕಾ?" ಅನ್ನುತ್ತೇನೆ, ಡಾಕ್ಟರಿಗೂ ಕೇಳಿಸುವ ಹಾಗೆ. ಹೆಚ್ಚಿನ ಡಾಕ್ಟರುಗಳು ನಿಂತು ಉತ್ತರ ಕೊಡುತ್ತಾರೆ. ಮಗುವಿನ ಎದೆಬಡಿತ ಇಳಿದಾಗ, ರಕ್ತ ಜಾಸ್ತಿ ಹೋಗುತ್ತಿರುವಾಗ ಇದ್ಯಾವುದಕ್ಕೂ ಸಮಯ ಇಲ್ಲ. ಆಗ ಅವರ ದಾರಿಗೆ ಅಡ್ಡ ಬರದೆ, ಕೈ ಮಾತ್ರ ಹಿಡಿದುಕೊಂಡಿರುತ್ತೇನೆ.

ಆಸ್ಪತ್ರೆಯವರು ಒಳಗೆ ಬಿಡದಿದ್ದರೆ?

ತಾಯಿ ತಾನೇ ಆರಿಸಿದ ಒಬ್ಬರು ಹೆರಿಗೆಯುದ್ದಕ್ಕೂ ಜೊತೆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಎಷ್ಟೋ ಆಸ್ಪತ್ರೆಗಳು ಜೊತೆಗಾರರನ್ನು ಬಾಗಿಲಲ್ಲೇ ತಡೆದಾಗಲೂ ಸಂಸ್ಥೆ ಈ ಮಾತು ಬದಲಿಸಲಿಲ್ಲ. ಆದರೆ ಮಾರ್ಗಸೂಚಿ ಕೈಯಲ್ಲಿ ಹಿಡಿದರೆ ಬಾಗಿಲು ತೆರೆಯುವುದಿಲ್ಲ. ಏಳನೇ ತಿಂಗಳ ತಪಾಸಣೆಗೆ ಹೋದಾಗಲೇ ಕೇಳಿ: ಎಷ್ಟು ಜನರನ್ನು ಬಿಡುತ್ತೀರಿ, ರಾತ್ರಿಯೂ ಬಿಡುತ್ತೀರಾ, ಗಂಡ ಮತ್ತು ಡೂಲಾ ಇಬ್ಬರೂ ಇರಬಹುದಾ? ಡಾಕ್ಟರ್ ಹೂಂ ಅಂದರೆ ಫೈಲಿನಲ್ಲಿ ಒಂದು ಸಾಲು ಬರೆಸಿ. ಹೆರಿಗೆಯ ರಾತ್ರಿ ಡ್ಯೂಟಿಯಲ್ಲಿ ಇರುವವರು ಬೇರೆಯೇ ಆಗಿರಬಹುದು.

ನೋವು ಶುರುವಾದಾಗ ಮೊದಲು ಯಾರಿಗೆ ಫೋನ್ ಮಾಡಬೇಕು?

ಸಾಧಾರಣ ನೋವಾದರೆ ಡೂಲಾಗೆ ಮಾಡಿ, ಮನೆಯಲ್ಲಿ ಇನ್ನೂ ಎಷ್ಟು ಹೊತ್ತು ಇರಬಹುದು ಅಂತ ಮಾತಾಡಬಹುದು. 5 ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷದ ನೋವು, 1 ಗಂಟೆಯಿಂದ ಹಾಗೇ ಬರುತ್ತಿದೆ ಅಂದರೆ ಹೊರಡುವ ಹೊತ್ತು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅದೇ ಸರಿ.

ಆದರೆ ರಕ್ತ ಹೋದರೆ, ನೀರು ಒಡೆದು ಹಸಿರು ಅಥವಾ ಕಂದು ಬಣ್ಣವಿದ್ದರೆ, ಮಗುವಿನ ಅಲುಗಾಟ ಕಮ್ಮಿಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಜ್ವರ ಬಂದರೆ, 37 ವಾರ ತುಂಬುವ ಮುಂಚೆಯೇ ನೋವು ಬಂದರೆ ಅಥವಾ ನೀರು ಹೋದರೆ ಡೂಲಾಗೆ ಕಾಯಬೇಡಿ. ನೇರ ಆಸ್ಪತ್ರೆಗೆ. ನಮಗೆ ದಾರಿಯಲ್ಲಿ ಹೇಳಿದರೆ ಸಾಕು.

ಯಾವಾಗ ಗೊತ್ತು ಮಾಡಿಕೊಳ್ಳಬೇಕು? ಏನೇನು ಕೇಳಬೇಕು?

ಐದರಿಂದ ಏಳನೇ ತಿಂಗಳೊಳಗೆ ಆದರೆ ಒಳ್ಳೆಯದು. ಹೆರಿಗೆಗೆ ಮುಂಚೆ ಎರಡು ಮೂರು ಭೇಟಿ, 38 ವಾರದಿಂದ ಯಾವ ಹೊತ್ತಲ್ಲಿ ಕರೆದರೂ ಬರುವ ಏರ್ಪಾಡು, ಆಮೇಲೆ ಒಂದೆರಡು ಭೇಟಿ, ಸಾಮಾನ್ಯವಾಗಿ ಹೀಗಿರುತ್ತದೆ. ಡಾಕ್ಟರ್ ಕೊಟ್ಟ ತಾರೀಕಿನ ದಿನವೇ ಹುಟ್ಟುವ ಮಕ್ಕಳು 100ಕ್ಕೆ ಸುಮಾರು 5 ಅಷ್ಟೆ. ಹಾಗಾಗಿ ಆ ತಾರೀಕಿಗೆ ಮಾತ್ರ ಬರುತ್ತೇನೆ ಅನ್ನುವವರಿಂದ ಉಪಯೋಗವಿಲ್ಲ.

ಹೆಚ್ಚಿನ ದೇಶಗಳಲ್ಲಿ ಡೂಲಾ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಇಲ್ಲ. ಮೂರು ದಿನದ ತರಬೇತಿ ಮುಗಿಸಿದವರೂ ಡೂಲಾ, ಇಪ್ಪತ್ತು ವರ್ಷ ಮಾಡಿದವರೂ ಡೂಲಾ. ಸರ್ಟಿಫಿಕೇಟ್ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ, ಡೂಲಾಳನ್ನು ಇವನ್ನೂ ಕೇಳಿ: ನಿಮಗೆ ಹುಷಾರಿಲ್ಲದಿದ್ದರೆ ಬದಲಿಗೆ ಯಾರು ಬರುತ್ತಾರೆ? ತಿಂಗಳಿಗೆ ಎಷ್ಟು ಹೆರಿಗೆ ಒಪ್ಪಿಕೊಳ್ಳುತ್ತೀರಿ? ಎಪಿಡ್ಯೂರಲ್ ಕೇಳಿದರೆ ಏನನ್ನುತ್ತೀರಿ? ಆ ಬದಲಿ ಡೂಲಾಳನ್ನೂ ಒಮ್ಮೆ ಭೇಟಿಯಾಗಿ. ಇಷ್ಟಾದ ಮೇಲೆ ಒಂದು ಸಣ್ಣ ಪರೀಕ್ಷೆ: ಮೊದಲ ಭೇಟಿಯ ಆ ಒಂದು ಗಂಟೆಯಲ್ಲಿ ಅವರು ಜಾಸ್ತಿ ಮಾತಾಡಿದರಾ, ನೀವಾ? ಅವರೇ ಆಗಿದ್ದರೆ ಇನ್ನೊಬ್ಬರನ್ನು ನೋಡಿ.

ಖರ್ಚು ಹೊರಲು ಆಗದಿದ್ದರೆ?

ಹೊಸದಾಗಿ ತರಬೇತಿ ಮುಗಿಸಿದವರಿಗೆ ಸರ್ಟಿಫಿಕೇಟ್ ಸಿಗಲು ಕೆಲವು ಹೆರಿಗೆಗಳಲ್ಲಿ ಇರಬೇಕಾಗುತ್ತದೆ. ಅವರು ಕಮ್ಮಿ ಹಣಕ್ಕೆ, ಕೆಲವೊಮ್ಮೆ ಹಣವೇ ಇಲ್ಲದೆ ಬರುತ್ತಾರೆ. ಅನುಭವ ಕಮ್ಮಿ ಇರಬಹುದು, ಆದರೆ ಪಕ್ಕ ಬಿಟ್ಟು ಏಳುವುದಿಲ್ಲ. ಗ್ವಾಟೆಮಾಲಾದ ಆ ಹೆಂಗಸು ಮಾಡಿದ್ದೂ ಅಷ್ಟೇ ತಾನೆ? ಇಲ್ಲದಿದ್ದರೆ ಮೇಲೆ ಹೇಳಿದಂತೆ ಅಕ್ಕನನ್ನೋ ಗೆಳತಿಯನ್ನೋ ತಯಾರು ಮಾಡಿ.

ಮಗು ಹುಟ್ಟಿದ ಕೂಡಲೇ ಕೆಲಸ ಮುಗಿಯಿತಾ?

ಇಲ್ಲ. ಕೋಣೆಯಲ್ಲಿದ್ದವರ ಕಣ್ಣೆಲ್ಲ ಆಗ ಮಗುವಿನ ಮೇಲೆ. ತಾಯಿ ಇನ್ನೂ ನಡುಗುತ್ತಿರುತ್ತಾಳೆ, ಮಾಸು ಇನ್ನೂ ಬಿದ್ದಿರುವುದಿಲ್ಲ, ಹೊಲಿಗೆ ಬಾಕಿ. ನನ್ನ ಕಣ್ಣು ಅವಳ ಮೇಲೇ. ಇಬ್ಬರೂ ಚೆನ್ನಾಗಿದ್ದರೆ ಮಗುವನ್ನು ಬರಿ ಎದೆಯ ಮೇಲೆ ಮಲಗಿಸಿ, ಮೊದಲ 1 ಗಂಟೆಯೊಳಗೆ ಹಾಲೂಡಿಸಲು ನೆರವಾಗುವುದು. ಮೊಲೆತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು.

ಬಾಣಂತನಕ್ಕೇ ಅಂತ ಬರುವ ಡೂಲಾಗಳು ಬೇರೆ ಇದ್ದಾರೆ. ಹೆರಿಗೆಯ ಡೂಲಾ ಒಂದೆರಡು ಸಲ ಬಂದು ಹೋಗುತ್ತಾಳೆ. ಆಗ ನಾನು ಮಗುವಿಗಿಂತ ಮೊದಲು ತಾಯಿಯ ಮುಖ ನೋಡುತ್ತೇನೆ. ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. 2 ವಾರ ದಾಟಿದರೂ ಹಾಗೇ ಇದ್ದರೆ, ನಿದ್ದೆ ಬರದಿದ್ದರೆ, ಮಗು ಬೇಡ ಅನಿಸಿದರೆ ಅದು ಡಾಕ್ಟರಿಗೆ ತೋರಿಸಬೇಕಾದ ಕಾಯಿಲೆ. ತನಗೋ ಮಗುವಿಗೋ ಏನಾದರೂ ಮಾಡಿಬಿಡಬೇಕು ಅನಿಸಿದರೆ ದಿನ ಲೆಕ್ಕ ಹಾಕಬೇಡಿ, ಆವತ್ತೇ ಕರೆದುಕೊಂಡು ಹೋಗಿ.

ಮಗು ಉಳಿಯುವುದಿಲ್ಲ ಅಂತ ಮೊದಲೇ ಗೊತ್ತಿದ್ದರೂ ಬರುತ್ತೀರಾ?

ಬರುತ್ತೇನೆ. ಆ ಹೆರಿಗೆಗೂ ಅಷ್ಟೇ ನೋವು, ಅಷ್ಟೇ ಹೊತ್ತು.

ಅಷ್ಟೂ ಹೊತ್ತು ನಿಜವಾಗಲೂ ಪಕ್ಕದಲ್ಲೇ ಇರ್ತೀರಾ? ಬಾತ್‌ರೂಮಿಗೂ ಹೋಗಲ್ವಾ?

ಹೋಗುತ್ತೇನೆ. ಹೇಳಿಯೇ ಹೋಗುತ್ತೇನೆ: "ಈ ನೋವು ಇಳಿದ ಮೇಲೆ ಹೋಗಿ, ಮುಂದಿನದು ಬರುವುದರೊಳಗೆ ಬಂದುಬಿಡ್ತೀನಿ." ನನ್ನ ಜಾಗದಲ್ಲಿ ನಿಮ್ಮವರ ಕೈಯಿಟ್ಟು ಏಳುತ್ತೇನೆ. ಹೊತ್ತು 20 ಗಂಟೆ ದಾಟಿ ನನ್ನ ಕೈ ಸೋತರೆ ಬದಲಿ ಡೂಲಾ ಬರುತ್ತಾರೆ. ನೀವು ಮೊದಲೇ ಮುಖ ನೋಡಿದವರು. ಅವರು ಬಂದು ಕೂತು, ಎಲ್ಲಿ ಒತ್ತಬೇಕು ಅಂತ ಜಾಗ ಹಿಡಿದು, ನೀವು "ಹಾಂ, ಅಲ್ಲೇ" ಅಂದ ಮೇಲೆ ನಾನು ಕೈ ತೆಗೆಯುತ್ತೇನೆ.